ಮುಯ್ಯಿ

ಮೂರು ಕ್ಯಾಸೆಟ್ಟು, ಹನ್ನೊಂದು ಜೀಬಿ.
ತೊಂಬತ್ತೆಂಟರ ಮದುವೆ, ಭರಮಸಾಗರದ್ದು.
ಬೂಷ್ಟು ಹಿಡಿದ ಟೇಪನ್ನು ಒರೆಸಿ, ಓಡಿಸಿ, ಮತ್ತೆ ಒರೆಸಿ
ಹದಿನೇಳು ದಿನಕ್ಕೆ ಕಂಪ್ಯೂಟರಿಗೆ ಇಳಿಸಿದೆ.
ಧಾರೆಯ ಹೊತ್ತಿಗೆ ಅಡ್ಡಲಾಗಿ ಒಂದು ಹಸಿರು ಪಟ್ಟೆ.
ಅದು ಹೋಗಲೇ ಇಲ್ಲ.

ಈಗ ಆರು ಮನೆಯವರು ಕೇಳುತ್ತಿದ್ದಾರೆ.
ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದೆ ಒಂದು, ಹೊಸದುರ್ಗದಲ್ಲಿ ಎರಡು,
ಹಿರಿಯೂರಲ್ಲಿ ಮದುಮಗಳ ತಂಗಿ,
ಭರಮಸಾಗರದಲ್ಲೇ ಮದುಮಗ,
ಜಗಳೂರಿನಲ್ಲಿ ಅವನ ತಮ್ಮ ಕಾಟಪ್ಪ.
ಒಮ್ಮೆ ಪೆನ್‌ಡ್ರೈವನ್ನು ಬಸ್ಸಿಗೆ ಕೊಟ್ಟು ಕಳಿಸಿದ್ದೆ,
ಕಂಡಕ್ಟರನ ಅಂಗಿಯ ಜೊತೆ ಅದೂ ಒಗೆಸಿಕೊಂಡಿತು.

ಹಾಗಾಗಿ ಈ ದಾರಿ:
ಮದುವೆಯನ್ನು ಚೂರು ಚೂರು ಮಾಡಿ ಬಿಡುವುದು,
ಸಿಕ್ಕಿದವರು ಸಿಗದವರಿಗೆ ಕೊಡುವುದು.
ನಿನ್ನ ಹೊಲಕ್ಕೆ ಇವತ್ತು ನಾನು, ನನ್ನ ಹೊಲಕ್ಕೆ ನಾಳೆ ನೀನು.
ಮುಯ್ಯಾಳು ಅಂದರೂ ಇದೇ ಅಲ್ಲವೇ.

ಆದರೆ ಸೆಕೆಂಡಿಗೆ ಒಂಬತ್ತು ಕೇಬಿ.
ಒಂದೊಂದೇ ಶೇಂಗಾ ಸುಲಿದು ಚೀಲ ತುಂಬಿಸಿದ ಹಾಗೆ.

ಕೇಬಲ್ ದಸ್ತಗೀರ ಬಂದು ಡಬ್ಬಿ ಮಗುಚಿ ನೋಡಿದ.
‘ನೀನು ಹೊರಗೆ ಹೋಗಿ ಯಾರನ್ನು ಬೇಕಾದರೂ ಕರೆದುಕೊಂಡು ಬಾ ಅಣ್ಣಾ,
ಅವರಾಗಿ ಬಂದು ಕೂಗಿದರೆ ಇದು ಓಗೊಡಲ್ಲ.’
ದುರ್ಗದವನಿಗೆ ಇದನ್ನು ಬಿಡಿಸಿ ಹೇಳಬೇಕೇ?
ಬಾಗಿಲಿನ ಎದುರು ಬಾಗಿಲಿಡದ ಊರು ನಮ್ಮದು.
ಆನೆ ಓಡಿಬಂದರೂ ತಿರುವಿನಲ್ಲಿ ಉಸಿರು ಬಿಡಬೇಕು.

ಹಾಗಾದರೆ ಗೋಡೆಯನ್ನೇ ಆಫ್ ಮಾಡು, ಅಂದೆ.
ಅವನು ನೋಡಿದ ನೋಟ!
‘ಒಂದು ಕಲ್ಲು ಸರಿಸೋಣ. ಬುರುಜು ಕೆಡವೋದು ಬೇಡ.’
ಪಾಸ್‌ವರ್ಡು ಇನ್ನೂ ಅಡ್ಮಿನ್ ಅಂತಲೇ ಇದ್ದದ್ದು ಕಂಡು
ಹಣೆ ಹಣೆ ಬಡಿದುಕೊಂಡ.
ನನ್ನ ಕಂಪ್ಯೂಟರಿಗೆ ಇಪ್ಪತ್ತು ಅಂತ ಕಾಯಂ ನಂಬರು ಕೊಟ್ಟ.
ಐವತ್ತೊಂದು ಸಾವಿರದ ಎಂಟುನೂರ ಏಳು, ಇದು ಕಿಂಡಿ.
ಇಲ್ಲಿ ಬಡಿದವರನ್ನು ಸೀದಾ ಇಪ್ಪತ್ತರ ಹತ್ತಿರ ಬಿಡು, ಎಂದು ಬರೆದ.
ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಗುರುತು ಹಾಕಿಕೊಂಡೆ.

ಒಳಗಿಂದ ಬೋರಮ್ಮ:
‘ಕಿಂಡಿ ತೆರೆದಿಟ್ಟು ಮಲಗ್ತೀರೇನು?
ಅಟ್ಟದ ಮೇಲಿನ ಒನಕೆ ಇಳಿಸಲಾ?’

ಆದರೂ ದೀಪ ಕೆಂಪು.
ದಸ್ತಗೀರ ತುಸು ಹೊತ್ತು ಸುಮ್ಮನಿದ್ದು ನಕ್ಕ.
ನನ್ನ ಡಬ್ಬಿ ಇರುವುದು ಅವನ ಡಬ್ಬಿಯ ಹೊಟ್ಟೆಯಲ್ಲಂತೆ;
ನನ್ನ ಕಿಂಡಿ ತೆರೆದದ್ದು ಅವನ ಅಂಗಳಕ್ಕೆ.
ಬುರುಜನಹಟ್ಟಿಗೆ ಗಾಡಿ ಓಡಿಸಿಕೊಂಡು ಹೋಗಿ
ಅಲ್ಲೂ ಒಂದು ಕಲ್ಲು ಸರಿಸಿ ಫೋನ್ ಮಾಡಿದ:
‘ಐದರಲ್ಲಿ ನಾಲ್ಕು ಪಾಲು ಮಾತ್ರ ಕೊಡು ಅಣ್ಣಾ.
ಪೂರ್ತಿ ಕೊಟ್ಟರೆ
ಬಂದದ್ದಕ್ಕೆ ಬಂತು ಅನ್ನೋಕೂ ನಿನಗೆ ಉಸಿರಿರಲ್ಲ.’

ಹತ್ತು ಗಂಟೆಗೆ ಹಸಿರು.
ಒಂಬತ್ತು, ನಲವತ್ತು, ಆರುನೂರು.
ಕತ್ತಲಲ್ಲಿ ಕೂತು ಎರಡನೇ ಕ್ಯಾಸೆಟ್ಟು ನೋಡಿದೆ.
ಚಪ್ಪರದ ಕಂಬಕ್ಕೆ ಒರಗಿ, ಬಾಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿ
ಮುಯ್ಯಿ ಬರೆಯುತ್ತಿದ್ದಾನೆ ಕಾಟಪ್ಪ, ಇಪ್ಪತ್ತರ ಹುಡುಗ.
ಆ ಪುಸ್ತಕದ ಲೆಕ್ಕದಲ್ಲೇ ಆಮೇಲೆ
ಅಣ್ಣತಮ್ಮರ ಮಾತು ನಿಂತದ್ದು.

ಮೂರೂವರೆಗೆ ಕರೆಂಟು ಹೋಯಿತು.
ಎಲ್ಲ ಚೂರೂ ಒಂದೊಂದು ಸಲ ಹೊರಬಿದ್ದಿದ್ದವು,
ಪೂರ್ತಿ ಮಾತ್ರ ಯಾರ ಮನೆಗೂ ಮುಟ್ಟಿರಲಿಲ್ಲ.
ಚಳ್ಳಕೆರೆಗೆ ಧಾರೆ ಹೋಗಿದೆ, ಊಟ ಹೋಗಿಲ್ಲ;
ಹಿರಿಯೂರಿಗೆ ಬರೀ ಊಟ.
ಕಿಂಡಿಯೂ ಇಲ್ಲ ಗೋಡೆಯೂ ಇಲ್ಲ, ಮಲಗಿದೆ.

ಎರಡನೇ ದಿನ ಸಂಜೆ ಜಗಳೂರಿನಿಂದ ಫೋನು.
‘ನಂದು ನಿನ್ನೇನೇ ಪೂರ್ತಿ ಬಂತು ಮಾವ.
ಬಂದ್ ಮಾಡ್ಲಿಲ್ಲ, ಹಂಗೇ ಬಿಟ್ಟೆ.
ಕೊಟ್ಟಿದ್ದು ಮೂವತ್ತೊಂದು ಜೀಬಿ ಅಂತ ತೋರಿಸ್ತೈತಿ.
ಇನ್ನೂ ಇರ್ಲಾ?’
ಯಾರ್ಯಾರಿಗೆ ಹೋಯಿತು ಅಂತ ಅವನು ಕೇಳಲಿಲ್ಲ.
ಭರಮಸಾಗರದಲ್ಲಿ ನೂರಕ್ಕೆ ನೂರು ಆಗಿದ್ದನ್ನು
ನಾನೂ ಹೇಳಲಿಲ್ಲ.
ಇರಲಿ ಬಿಡು, ಅಂದೆ.

ಹಾಲಿನ ಲೆಕ್ಕದ ಕೆಳಗೆ, ಕಿಂಡಿಯ ನಂಬರಿನ ಪಕ್ಕ
ಬರೆದಿಟ್ಟಿದ್ದೇನೆ:
ಕಾಟಪ್ಪ, ಜಗಳೂರು. ಮೂವತ್ತೊಂದು.