ಹದಿನಾಲ್ಕು ಇದ್ದದ್ದು ಒಂಬತ್ತಾಗಿ

ಕೌಲ್ ಬಜಾರಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ
ಜೀನ್ಸ್ ಪ್ಯಾಂಟುಗಳ ತೊಡೆಗೆ ಇಸ್ತ್ರಿ ಒತ್ತಿದ್ದೇನೆ.
ಟೇಬಲ್ಲಿನ ಅಂಚು, ಅದರ ಆವಿ
ಸರಿಯಾಗಿ ನನ್ನ ತೊಡೆಸಂದಿಯ ಎತ್ತರಕ್ಕೇ.
ಬಳ್ಳಾರಿಯ ಬಿಸಿಲನ್ನು ಬೈಯುವವರು
ಒಳಗೆ ಬಂದು ಒಂದು ಡಜನ್ ಮಡಚಿ ನೋಡಲಿ.

ಎಡಗಡೆ ಸಂಜೆ ಹೊತ್ತಿಗೆ ಒಂದು ಜಗ್ಗಾಟ.
ನಿಂತು ದುಡಿಯುವವನಿಗೆ ಇದ್ದದ್ದೇ ಅಂದುಕೊಂಡಿದ್ದೆ.
ಡಾಕ್ಟರು ಕೆಮ್ಮು ಅಂದರು. ಕೆಮ್ಮಿದೆ.
ಅವರ ಬೆರಳಿಗೆ ಸಿಕ್ಕಿದವು ಉಬ್ಬಿದ ನರಗಳು,
ಬಾಬಿನ್ನಿನಿಂದ ಬಿಚ್ಚಿ ಸಿಕ್ಕಾದ ದಾರದ ಹಾಗೆ.
ರಕ್ತ ಮೇಲೆ ಹತ್ತದೆ ಅಲ್ಲೇ ನಿಂತಿದೆ,
ನಿಂತು ಕಾಯಿಸುತ್ತಿದೆ, ಅಂದರು.

ಆರು ವರ್ಷ.
ಸುಂಕ್ಲಮ್ಮನ ಹೊಟ್ಟೆಯನ್ನಷ್ಟೇ ನೋಡಿದ್ದರು ಎಲ್ಲರೂ.
ಸ್ಕ್ಯಾನು, ಗುಳಿಗೆ, ಟ್ಯೂಬಿಗೆ ಹಾಯಿಸಿದ ಔಷಧ,
ತೊಟ್ಟಿಲು ಮುಟ್ಟಬೇಡ ಅಂದ ನಮ್ಮ ದೊಡ್ಡಮ್ಮ.
ನಾನು ಹೊರಗೆ ಬೆಂಚಿನ ಮೇಲೆ ಕೂತು
ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ.

ಆಪರೇಷನ್ನು ಸಣ್ಣದು. ಎರಡು ಬೆರಳಗಲದ ಗೆರೆ.
ನರ ಕಟ್ಟಿದರು. ವಾರ ರಜೆ, ವಾರದ ಕೂಲಿ ಇಲ್ಲ.
ಶೆಡ್ಡಿನಲ್ಲಿ ಕೇಳಿದವರಿಗೆ
ಹರ್ನಿಯಾ ಅಂದೆ.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟು ಚೀಟಿ ತಂದೆ.
ಅವಳು ಹೊಸ್ತಿಲಲ್ಲಿ ರಾಶಿ ಪ್ಯಾಂಟಿನ ನಡುವೆ
ಪೀಸಿನ ಲೆಕ್ಕಕ್ಕೆ ದಾರ ಕತ್ತರಿಸುತ್ತಿದ್ದಳು.
ಅಂಕಿ ಅವಳಿಗೆ ನನಗಿಂತ ಚುರುಕು.
"ಹದಿನಾಲ್ಕು ಇತ್ತು, ಒಂಬತ್ತಾಗೇತಿ.
ಕಮ್ಮಿ ಆದ್ರ ಚೊಲೋನಾ?"

"ಅದು ಮೆದುಳು ಕೂಗೋ ಕೂಗು.
ಕೆಳಗ ಕೆಲಸ ನಡೀದಿದ್ರ ಮೇಲಿಂದ ಜೋರು ಮಾಡ್ತೈತಿ,
ನಮ್ಮ ಸೂಪರ್‌ವೈಸರ್ ಖಾದರ್‌ಬಾಷಾ ಇದ್ದಂಗ.
ಮಾಲು ಹೊರಗ ಬಿದ್ರ ತಾನೇ ತಣ್ಣಗಾಗ್ತಾನ."
"ಈ ಇನ್ನೊಂದು?"
"ಅದು ಏರಬೇಕು. ಏರೇತಿ. ಇನ್ನೂರೆಂಬತ್ತಿತ್ತು,
ಮುನ್ನೂರ ತೊಂಬತ್ತು."
"ಹಂಗಾರ ಕೂಸು?"
"ಅದನ್ನ ಈ ಚೀಟಿ ಹೇಳಂಗಿಲ್ಲ."

ಕತ್ತರಿ ಕೆಳಗಿಟ್ಟಳು.
ನಗು ಬಂತೋ ಏನೋ, ತುಟಿ ಒಂದು ಕಡೆಗೆ ಹೋಯಿತು.
"ನಿನ್ನ ಮ್ಯಾಲೆ ಕೂಗಿದ್ದು ನಿನ್ನ ಮೆದುಳೊಂದ.
ನನ್ನ ಮ್ಯಾಲೆ ಊರು."

ಮತ್ತೆ ಕತ್ತರಿ. ಟಕ್. ಟಕ್.
ನೀಲಿ ದಾರದ ಚೂರು ಅವಳ ಕೂದಲಲ್ಲಿ.

ನಾಳೆ ಮಿಲ್ಲರ್‌ಪೇಟೆಯಲ್ಲಿ ತಂಗಿಯ ಮಗನ ಹೆಸರಿಡುವುದು.
ದೊಡ್ಡಮ್ಮ ಬರುತ್ತಾಳೆ.
ಚೀಟಿ ಮಡಚಿದ್ದೇನೆ, ಗೆರೆ ಹಿಡಿದು, ಉಗುರಿನಿಂದ ಒತ್ತಿ,
ನನಗೆ ಬರುವ ಕೆಲಸ ಅದೊಂದೇ.
ಅಂಗಿಯ ಎಡಗಡೆ ಜೇಬಿನಲ್ಲಿದೆ.
ಹರ್ನಿಯಾ ಎಂಬ ಮಾತೂ ಇನ್ನೂ
ನಾಲಿಗೆಯ ತುದಿಯಲ್ಲೇ ಇದೆ.