ಗುಲಾಬಿ ಚೀಟಿ

ಅಂಚೆಯ ಖಲೀಲನಿಗೆ ಒಡೆಯದೆಯೇ ಗೊತ್ತಾಗುತ್ತದೆ.
ಲಕೋಟೆಯ ಮೇಲೆ ಬೆರಳಾಡಿಸಿ
'ಅಕ್ಕಾ, ಇದು ಬೈದಿರೋದು' ಅನ್ನುತ್ತಾನೆ.
ಸಿಟ್ಟಿನವರು ವಿಳಾಸವನ್ನೂ ಒತ್ತಿ ಬರೆಯುತ್ತಾರಂತೆ,
ಮಂಡ್ಯ ಅನ್ನುವುದು ಕಾಗದದ ಬೆನ್ನಲ್ಲಿ
ಬಾಸುಂಡೆ ಹಾಗೆ ಎದ್ದಿರುತ್ತದೆ.

ಅಂಥವನ್ನು ನಾನು ನಿಂತೇ ಓದುತ್ತೇನೆ.
ಕೂತರೆ ಮಾತು ಮಡಿಲಿಗೆ ಬೀಳುತ್ತವೆ.
ಒಲೆಯ ಮೇಲೆ ಏನಾದರೂ ಇರಬೇಕು,
ಉಕ್ಕುವಂಥದ್ದು,
ನಡುವೆ ಒಮ್ಮೆ ನನ್ನನ್ನು ಕರೆಯುವಂಥದ್ದು.

ಕಬ್ಬಿನ ಗಾಡಿ ತೂಗುವವನೊಬ್ಬ
ದಂಡಿಗೆಯ ತುದಿಗೆ ಹೆಬ್ಬೆರಳು ತಾಗಿಸಿದ, ಇಷ್ಟೇ ಕತೆ.
ಅಚ್ಚಾದ ತಿಂಗಳಲ್ಲಿ ಹದಿನೇಳು ಬಂದವು.
ಒಂದಕ್ಕೆ ಸಂಘದ ಮೊಹರು, ಕ್ಷಮೆಗೆ ಎಂಟು ದಿನ ಗಡುವು.
ಇನ್ನೊಂದರಲ್ಲಿ ನನ್ನ ಹೆಸರಿನ ಹಿಂದೆ ಬರೆದ ಪದವನ್ನು
ಬರೆದವನೇ ನಾಚಿ ಹೊಡೆದುಹಾಕಿ
ಮನಸ್ಸು ತಡೆಯದೆ ಮತ್ತೆ ಅದರ ಮೇಲೇ ಬರೆದಿದ್ದ.
ರಾತ್ರಿ ಹತ್ತೂವರೆಗೆ ಫೋನು. ಬರೀ ಉಸಿರು,
ಹಿಂದೆ ಯಾರದೋ ಟೀವಿಯಲ್ಲಿ ಸೊಸೆಯ ಅಳು.

ಮೈಸೂರಿನ ಪ್ರಕಾಶಕರಿಗೆ ಖುಷಿ:
'ಉತ್ತರ ಬರೀಬೇಡಿ, ಇನ್ನೈನೂರು ಪ್ರತಿ ಹೋಗ್ತವೆ.'
ಗಂಡ, ಪೇಪರಿನಿಂದ ತಲೆಯೆತ್ತದೆ, 'ಸುಟ್ಟಾಕು.'
ಅತ್ತೆ ಮಾತ್ರ ಹತ್ತಿರ ಬಂದು ಕೂತು
'ಆ ತೂಕದೋನು ಯಾರೂಂತ ನಂಗಾದ್ರೂ ಹೇಳೇ' ಅಂದರು.

ರಾತ್ರಿ ಬರೆದ ಉತ್ತರಗಳಲ್ಲಿ ನಾನೆಷ್ಟು ಚತುರೆ!
ಬೆಳಿಗ್ಗೆ ನೋಡಿದರೆ ಒಡೆದ ಹಾಲು.
ಹಬೆಗೆ ಹಿಡಿದು ಸ್ಟಾಂಪು ಬಿಡಿಸಿಕೊಂಡು
ನಾದಿನಿಯ ಮದುವೆ ಕಾಗದಗಳಿಗೆ ಅಂಟಿಸಿದೆ.

ಹದಿನೆಂಟನೆಯದು ಕೊತ್ತತ್ತಿಯಿಂದ.
ಮಾಯಣ್ಣ, ತೂಕದ ಸಣ್ಣೇಗೌಡರ ಮಗ.
'ಏನಮ್ಮಾ, ನಮ್ಮಪ್ಪ ಸತ್ತು ಇಪ್ಪತ್ತೊಂದು ವರ್ಷ.
ಸತ್ತೋನು ಎದ್ದು ಬಂದು ಕೇಳಕ್ಕಾಯ್ತದಾ?
ತೂಕದ ಮನೆ ಒಳಗೆ ಒಂದಿನ ಕಾಲಿಟ್ಟಿದ್ದೀಯಾ?
ಚೀಟಿ ಹಳದಿ ಅಂತ ಬರ್ದಿದ್ದೀಯ.
ಹಳದಿ ಅಲ್ಲ, ಗುಲಾಬಿ.
ಬಣ್ಣ ಗೊತ್ತಿಲ್ದೋಳಿಗೆ ಬೆರಳು ಗೊತ್ತಾಗ್ಬುಡ್ತಾ?'

ಸಾರು ಉಕ್ಕಿ ಒಲೆ ಆರಿತು.
ನಾನು ಕೂತೆ.

ಸಣ್ಣೇಗೌಡರ ಮುಖವನ್ನೇ ನಾನು ಕಂಡವಳಲ್ಲ.
ಆ ಬೆರಳು ಪೇಟೆಬೀದಿಯದು,
ಕಡಲೆಬೇಳೆ ಗೋಣಿಯ ಹಿಂದೆ ಕೂತು
ಒಂಬತ್ತು ವರ್ಷದ ನಾನು ದಿನಾ ನೋಡಿದ್ದು.
ಅಪ್ಪನದು.
ಮನೆಯ ಕಳಂಕವನ್ನು ಸೆರಗಲ್ಲಿ ಕಟ್ಟಿ ತಂದು
ಕಾರ್ಖಾನೆಯ ಗೇಟಿನಲ್ಲಿ, ಯಾರೂ ನೋಡದಾಗ, ಬಿಚ್ಚಿ ಬಂದಿದ್ದೆ.

'ಬಣ್ಣ ನೀವು ಹೇಳಿದ್ದೇ ಇರಬೇಕು. ತಿದ್ದುತ್ತೇನೆ.'
ಹಗಲು ಹನ್ನೆರಡಕ್ಕೆ ಬರೆದೆ, ಹನ್ನೆರಡೂಕಾಲಿಗೆ
ಕಾಕಂಬಿ ವಾಸನೆಯ ಗಾಳಿಯಲ್ಲಿ ನಡೆದು ಡಬ್ಬಿಗೆ ಹಾಕಿದೆ,
ಕೈ ಹಿಂದಕ್ಕೆ ಬರುವ ಮೊದಲು.

ವಾರದಲ್ಲಿ ಸಾಕ್ಷಿಯೇ ಬಂತು,
ಪ್ಲಾಸ್ಟಿಕ್ ಕವರಿನೊಳಗೆ ತೂಕದ ಚೀಟಿ.
'ನೋಡ್ಕಂಡು ವಾಪಸ್ ಕಳ್ಸು. ಇರೋದು ಇದೊಂದೇ.'
ಗುಲಾಬಿಯೇ. ಮಾಸಿ ಒಸಡಿನ ಬಣ್ಣ.
ಕೆಳಗೆ ಸಣ್ಣೇಗೌಡರ ರುಜು, ಮೇಲೆ ಕನ್ನಡ ಅಂಕಿ.
ಮೊದಲನೆಯದು ಆರೋ ಒಂಬತ್ತೋ, ಬಾಲದ ಹತ್ತಿರ
ಕಾಗದ ಸವೆದಿದೆ. ಉಜ್ಜಿದ್ದೋ, ಮಡಿಕೆಯೋ.
ಕಿಟಕಿಯ ಬೆಳಕಿಗೆ ಹಿಡಿಯಲು ಎತ್ತಿದವಳು
ಹಾಗೇ ಇಳಿಸಿದೆ.
ರಿಜಿಸ್ಟರ್ ಮಾಡಿ ಕಳಿಸಿದೆ, ಜೊತೆಗೆ ಒಂದೇ ಪದ:
ಗುಲಾಬಿ.

ಎರಡನೇ ಮುದ್ರಣದಲ್ಲಿ ಚೀಟಿಯ ಬಣ್ಣ ತಿದ್ದಿದೆ.
ಬೆರಳನ್ನು ತೆಗೆಯಲಿಲ್ಲ.
ಅದಕ್ಕೊಂದು ಉಗುರು ಕೊಟ್ಟೆ, ನಡುವೆ ಸೀಳಿದ್ದು,
ಗೋಣಿ ಹೊಲಿಯುವ ದಬ್ಬಳ ಚುಚ್ಚಿ ಕಪ್ಪಾದದ್ದು.
ಮಂಡ್ಯದಲ್ಲೆಲ್ಲ ಅಂಥದ್ದು ಒಬ್ಬರಿಗೇ ಇತ್ತು.

ಇವತ್ತು ಖಲೀಲ ಬಂದ.
ಬೆರಳಾಡಿಸಿದ, ತಿರುಗಿಸಿ ಮತ್ತೊಮ್ಮೆ ಆಡಿಸಿದ.
'ಇದು ಗೊತ್ತಾಗ್ತಿಲ್ಲ ಅಕ್ಕಾ. ಮೆತ್ತಗೆ ಬರ್ದವ್ರೆ.'

ಅಕ್ಷರ ನನ್ನ ತಮ್ಮನದು.
ಹಾಲಿಟ್ಟಿದ್ದೇನೆ, ಉರಿ ದೊಡ್ಡದು ಮಾಡಿ
ನಿಂತಿದ್ದೇನೆ.