ಆಲೂಗಡ್ಡೆ ಬೇಯುವಷ್ಟರಲ್ಲಿ

ಹೋಲಿಹೆಡ್ ಬಂದರಿನ ಮೇಲಿನ ಸಾಲುಮನೆ,
ಅಡುಗೆಮೇಜಿನ ಮೇಲೆ ಲ್ಯಾಪ್‌ಟಾಪು,
ಒಲೆಯ ಮೇಲೆ ಆಲೂಗಡ್ಡೆ.
ಗೆಥಿನ್ ನನ್ನ ಎಡಕ್ಕೆ,
ಮೂವತ್ತೊಂದು ವರ್ಷ ಕೂತ ಕುರ್ಚಿಯಲ್ಲೇ.
ಕನ್ನಡಕ ಮರೆತು ಬಂದಿದ್ದಾನೆ,
ನನ್ನದನ್ನೇ ಇಸಕೊಂಡು ಓದುತ್ತಾನೆ:
‘ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆಯೆ?’
ಹೌದು ಅನ್ನು, ಅಂದೆ.
ಹೌದು, ಅಂದ.
ಪುಟ್ಟದೊಂದು ಹಸಿರು ಗೆರೆ ಬಂತು.
ಅಷ್ಟೆ.

ಮದುವೆ ಇಷ್ಟು ಸಲೀಸಾಗಿರಲಿಲ್ಲ ಬಿಡಿ.
ಚಿಕ್ಕಮ್ಮ ಬ್ಲೋಡ್ವೆನ್ ಒಂದು ಟೋಪಿಗಾಗಿ
ಎರಡು ಸಲ ಬ್ಯಾಂಗರಿಗೆ ಹೋಗಿಬಂದಿದ್ದಳು.
ಹ್ಯಾಮ್ ತೆಳ್ಳಗೆ ಕೊಯ್ದರೆಂದು
ಗಂಡಿನ ಕಡೆಯವರು ಮುನಿಸಿಕೊಂಡಿದ್ದರು.
ಬಿಡಿಸಿಕೊಳ್ಳುವಾಗ ಯಾರೂ ಬರಲಿಲ್ಲ.
ನಾವಿಬ್ಬರೇ. ಒಂದು ಕನ್ನಡಕ.

ನಿಜ ಹೇಳಲೆ, ಹಿತವಾಗಿತ್ತು.
ಎಷ್ಟು ಕಾಲವಾಗಿತ್ತು ಇಬ್ಬರೂ
ಒಂದೇ ಪುಟದ ಮೇಲೆ ಬಗ್ಗಿ.
‘ಲಿನೋಸ್ ಬರೆಯೋಕೆ ಎಷ್ಟು ಎಲ್?’
ಎರಡು, ಅಂದೆ.
ಯಾವಾಗಲೂ ಎರಡೇ ಇದ್ದದ್ದು, ಗೆಥಿನ್.

ಆಮೇಲೆ ಆ ಪ್ರಶ್ನೆ:
‘ಹಣಕಾಸಿನ ಆದೇಶ ಬೇಕೆ?’
ಮುಖ ಮುಖ ನೋಡಿಕೊಂಡೆವು.
ಏನಿದೆ ನಮ್ಮ ಹತ್ತಿರ?
ಬಾಡಿಗೆ ಮನೆ, ಬಾಗಿಲು ತುಕ್ಕು ಹಿಡಿದ ಕಾರು,
ಒಂದು ಕಣ್ಣು ಕಾಣದ ನಾಯಿ.
ನಾಯಿ ನಿನಗೆ, ಅಂದ.
ಕಾರು ನಿನಗೆ, ಅಂದೆ.
ಮುಗೀತಲ್ಲ ಹಾಗಾದ್ರೆ,
ಅವನ ಬೆರಳು ‘ಬೇಡ’ದ ಕಡೆ ಜಾರುತ್ತಿತ್ತು,
ಪಾತ್ರೆ ಉಕ್ಕಿತು.

ಎದ್ದು ಹೋಗಿ ಉರಿ ತಗ್ಗಿಸಿ, ಒಲೆ ಒರೆಸಿ
ಬರುವಷ್ಟರಲ್ಲಿ
ಬಹಳ ಹೊತ್ತಾಯಿತು, ಮತ್ತೆ ಒಳಬನ್ನಿ
ಎಂದಿತ್ತು ಪರದೆ.
ಡಬ್ಲಿನ್ನಿನ ಹಡಗಿಗೆ ಹೊತ್ತಾಯ್ತು ಅಂತ
ಅವನೂ ಎದ್ದ.

ಗುರುವಾರ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ
‘ಮೊದಲ ಅರ್ಧ ಗಂಟೆ ಉಚಿತ’.
ಹೊರಗೆ ಚಳಿಗಾಳಿ, ಒಳಗೆ ಹೀಟರು,
ನಾನು ಹತ್ತಿದ್ದು ಮುಖ್ಯವಾಗಿ ಹೀಟರಿಗೆ.
ವಕೀಲೆ ನೆಸ್ಟಾ ಪ್ರೋಬರ್ಟ್
ನನ್ನ ಮಗಳಿಗಿಂತ ಚಿಕ್ಕವಳು, ನೆಗಡಿ ಬೇರೆ.
ಯಾಕೆ ಬಿಡುತ್ತಿದ್ದೀರಿ ಎಂದು ಕೇಳಲಿಲ್ಲ.
‘ಹಡಗಿನಲ್ಲಿ ಎಷ್ಟು ವರ್ಷ?’
ಇಪ್ಪತ್ತೇಳು.
‘ಪಿಂಚಣಿ?’

ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.
ಕಪಾಟಿನ ಮೇಲೆ ಇತ್ತು,
ಬಿಚ್ಚದ ಲಕೋಟೆಗಳಲ್ಲಿ, ವರ್ಷಕ್ಕೊಂದು.
ನಾನು? ಶಾಲೆಯ ಅಡುಗೆಮನೆ, ಅರ್ಧ ದಿನ.
ಅವನದು ರಾತ್ರಿಪಾಳಿ,
ಮಕ್ಕಳಿಗೆ ಯಾರಾದರೂ ಬೇಕಿತ್ತಲ್ಲ.
‘ಅದೂ ಲೆಕ್ಕವೇ,’ ಅಂದಳು ಮೂಗೊರಸಿ,
‘ಮದುವೆ ಮುಗಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ.
ಕೇಳದೆಯೇ ಮರುಮದುವೆ ಆಗಿಬಿಟ್ಟರೆ
ಕೇಳುವ ಬಾಗಿಲೇ ಮುಚ್ಚೀತು.’
ಐವತ್ತೆಂಟಕ್ಕೆ ಯಾರಮ್ಮ ಕಟ್ಟಿಕೊಳ್ತಾರೆ, ನಕ್ಕೆ.
ಅವಳು ನಗಲಿಲ್ಲ.
ಕೆಲಸಕ್ಕೆ ಇಷ್ಟಾಗುತ್ತೆ ಎಂದು
ಕಾಗದದಲ್ಲಿ ಒಂದು ಅಂಕಿ ಬರೆದು ತಿರುಗಿಸಿದಳು.
ನನ್ನ ಎರಡು ತಿಂಗಳ ಸಂಬಳ.

ಇಳಿಯುವಾಗ ಮೆಟ್ಟಿಲು ಜಾಸ್ತಿಯಾದಂತಿತ್ತು.
ಆ ಪುಟ ನಾವು ಹೇಳಿದ್ದನ್ನೆಲ್ಲ ನಂಬಿತು.
ಈ ಹುಡುಗಿ ನಂಬಲಿಲ್ಲ,
ಅದಕ್ಕೇ ದುಡ್ಡು ಕೇಳುತ್ತಾಳೆ.
ಅವಳ ಕಾಗದ ಅವನ ಬಾಗಿಲಿಗೆ ಬಿದ್ದರೆ
ಅವನೂ ಒಬ್ಬನನ್ನು ಹಿಡಿದಾನು,
ಆ ಒಬ್ಬ ಇನ್ನೊಂದು ಕಾಗದ ಬರೆದಾನು,
ಹೀಗೆ ಕಾಗದವೇ ಸಂಸಾರ ಮಾಡತೊಡಗಿದರೆ
ಎರಡು ಎಲ್ ಯಾರು ಕೇಳುತ್ತಾರೆ?
ಅವನೇನು ಕಳ್ಳನಲ್ಲ.
ಲಕೋಟೆ ಬಿಚ್ಚದವ.
ಬಿಚ್ಚದವಳು ನಾನೂ.

ಶನಿವಾರ ಬಂದ, ತನ್ನದೇ ಕನ್ನಡಕ ಹಾಕಿಕೊಂಡು.
ಲ್ಯಾಪ್‌ಟಾಪು ತೆರೆದಿರಲಿಲ್ಲ ನಾನು.
ಮೇಜಿನ ತುಂಬ ಲಕೋಟೆ, ಧೂಳು ಒರೆಸಿ
ವರ್ಷದ ಪ್ರಕಾರ ಜೋಡಿಸಿದ್ದೆ.
ಮೊದಲು ಇವು, ಅಂದೆ.
ಅದರ ಮೇಲೆ ನೆಸ್ಟಾಳ ಅಂಕಿ, ಮುಚ್ಚದೆ.
ಅರ್ಧ ನಿನ್ನದು, ಅರ್ಧ ನನ್ನದು, ಒಪ್ಪಿದರೆ.

ತುಂಬ ಹೊತ್ತು ನೋಡಿದ.
‘ಯಾರು ಹೇಳಿಕೊಟ್ಟರು ನಿನಗೆ?’
ಆ ದನಿ ನನಗೆ ಹೊಸತು.
ನಾಯಿಗೂ ಹೊಸತಿರಬೇಕು, ತಲೆಯೆತ್ತಿ
ಕಾಣುವ ಕಣ್ಣನ್ನು ಅವನತ್ತ ತಿರುಗಿಸಿತು.

ಬೆಣ್ಣೆ ಹಚ್ಚುವ ಚಾಕುವನ್ನು
ಮೇಜಿನ ಮೇಲೆ ಸರಿಸಿದೆ,
ಹಿಡಿ ಅವನ ಕಡೆಗೆ ಮಾಡಿ.